ಮಣಿಕಟ್ಟಿನವರೆಗೆ

ಪಣಜಿಯ ಕೃಷಿ ಕಚೇರಿಯ ಎದುರು ನನ್ನದು
ಒಂದು ಝೆರಾಕ್ಸು, ಒಂದು ಪ್ರಿಂಟರು, ಗೋಂದಿನ ಡಬ್ಬಿ.
ಅರ್ಜಿ ತುಂಬಿಕೊಡುತ್ತೇನೆ. ಪುಟಕ್ಕೆ ಮೂವತ್ತು.
ಹೊಲ ಕಂಡವಳಲ್ಲ; ಹೊಲಗಳ ನಕಲು ಕಂಡಿದ್ದೇನೆ,
ಒಂದು-ಹದಿನಾಲ್ಕರ ಉತಾರ, ಸರ್ವೆ ನಂಬರು,
ಸತ್ತವರು ಇನ್ನೂ ಉಸಿರಾಡುವ ಕಾಲಮ್ಮು.

ಎರ್ಮೆಲಿಂದಾ ಬಾಯಿ ಬಂದದ್ದು ಜುಲೈ ಕೊನೆಗೆ.
ಎಂಬತ್ತರ ಜೀವ, ಮುತ್ತಿನ ಓಲೆ, ಗಂಡನ ಕಾಲದ ಕೊಡೆ.
ದಿವಾಡಿಯಲ್ಲಿ ಅವಳದೊಂದು ಖಾಜನ್ ಗದ್ದೆ:
ನದಿಗಿಂತ ತಗ್ಗು, ಒಡ್ಡು ಇರುವತನಕ ಮಾತ್ರ ನೆಲ.
ಒಡ್ಡು ಉಳಿಸಿ, ಕಾಂಡ್ಲಾ ಕಡಿಯದೆ,
ಉಪ್ಪುಂಡು ಬೆಳೆವ ಕೊರ್ಗುಟ್ ಭತ್ತ ಕೈಬಿಡದ ಮಾಲೀಕರಿಗೆ
ಸರ್ಕಾರ ಈಗ ದುಡ್ಡು ಕೊಡುತ್ತದಂತೆ.
"ಏನೂ ಮಾಡದಿರುವುದಕ್ಕೆ ದುಡ್ಡು," ಅಂದಳು ನಗುತ್ತ,
"ಜೀವಮಾನವೆಲ್ಲ ಅದನ್ನೇ ತಾನೆ ಮಾಡಿದ್ದು ನಾನು."

ನಿಯಮ ಒಂಬತ್ತು: ಮಾಲೀಕರು ಒಡ್ಡಿನ ಮೇಲೆ ನಿಂತ ಫೋಟೋ,
ಅಕ್ಷಾಂಶ ರೇಖಾಂಶ ಸಹಿತ.
ಫೆರಿ ಹತ್ತಿದೆವು, ಅವಳು, ನಾನು, ನನ್ನ ಮೊಬೈಲು.

ಒಡ್ಡಿನ ಮೇಲೆ ಫಕೀರವ್ವ ಇದ್ದಳು.
ರೋಣದ ಕಡೆಯವಳು. ಇಪ್ಪತ್ತೆರಡು ಮಳೆಗಾಲ
ಏಡಿ ಕೊರೆದ ತೂತಿಗೆ ಹುಲ್ಲು, ಕೆಸರು, ಹಿಮ್ಮಡಿ
ತುಂಬುತ್ತ ಬಂದವಳು.
ನನ್ನ ಮಾತು ಕೇಳಿದ್ದೇ, "ನಮ್ಮ ಕಡೆಯಾರೇನ್ರೀ?"
ಹಳಿಯಾಳ, ಅಂದೆ. "ಹಂಗಾರ ಅರ್ಧ ನಮ್ಮಾರು."
ತೂಬಿನ ಬಾಯಲ್ಲಿ ಬೆರಳದ್ದಿ ನಾಲಗೆಗೆ ಮುಟ್ಟಿಸಿದಳು:
"ಇವತ್ತ ಉಪ್ಪು ಹೆಚ್ಚೈತಿ. ಅಮಾಸಿ ಹತ್ರ ಬಂತಲ್ಲ.
ನಮ್ಮೂರಾಗ ನೀರ ಬರವಲ್ದು ಅಂತಾರ,
ಇಲ್ಲಿ ಬರಬ್ಯಾಡ ಅಂತ ಕುಂತೀನಿ, ನೋಡ್ರಿ."

ಬಾಯಿಯ ಚಪ್ಪಲಿ ಜಾರಿತು.
"ಕೈ ಕೊಡ್ರಿ ಬಾಯೀ, ಇಲ್ಲಿ ಮಣ್ಣು ಇನ್ನಾ ಹಸೀ ಐತಿ."
ಕೈ ಹಿಡಿದೇ ನಿಂತಳು ಒಡತಿ. ಕ್ಲಿಕ್ಕಿಸಿದೆ.
ಹಿಂದೆ ಒಂದು ಬೆಳ್ಳಕ್ಕಿ, ಯಾವ ಅರ್ಜಿಯೂ ಹಾಕದೆ.

ವಾರಕ್ಕೆ ಕಡತ ಮರಳಿ ಬಂತು:
ಫಲಾನುಭವಿಯ ಹೊರತು ಬೇರೆ ವ್ಯಕ್ತಿ ಕಾಣಬಾರದು.
ದೊಡ್ಡದು ಮಾಡಿ ನೋಡಿದೆ. ವ್ಯಕ್ತಿ ಎಲ್ಲಿ?
ಎಡದಂಚಿಂದ ಒಳಬಂದ ಒಂದು ಕೈ,
ಮಣಿಕಟ್ಟಿನವರೆಗೆ. ಹಸಿರು ಗಾಜಿನ ಬಳೆ ಎರಡು,
ಉಗುರಿನ ಸಂದಿಯಲ್ಲಿ ಅಷ್ಟು ಒಡ್ಡು.

ಕತ್ತರಿಸುವುದು ಸುಲಭ. ಅಂಚು ಹಿಡಿದು ಎಳೆದರಾಯಿತು.
ಎಳೆದೆ. ಬಳೆ ಹೋಯಿತು. ಮಣಿಕಟ್ಟು ಹೋಯಿತು.
ಬೆರಳು ಮಾತ್ರ ಹೋಗವು, ಬಾಯಿಯ ಬೆರಳಲ್ಲಿ ಹೆಣೆದಿದ್ದವು;
ಅವು ಹೋಗಬೇಕೆಂದರೆ ಒಡತಿಯ ಅಂಗೈಯೂ ಹೋಗಬೇಕು.
ಕೊನೆಗೆ ಹಿಂದಿನ ಕಾಂಡ್ಲಾದಿಂದ ಒಂದಿಷ್ಟು ಹಸಿರು
ಎರವಲು ತಂದು ಮೇಲೆ ಬಳಿದೆ.
ಈಗ ಬಾಯಿ ಒಂದು ಪೊದೆಯ ಆಸರೆಗೆ ನಿಂತ ಹಾಗಿದೆ.
ಮಂಜೂರಾಯಿತು.

ದುಡ್ಡು ಬಂದ ದಿನ ಬಾಯಿ ನನಗೆ ಬೆಬಿಂಕಾ ತಂದಳು.
ಫಕೀರವ್ವಗೆ ಏನು ಕೊಟ್ಟಳೋ, ಕೇಳಲಿಲ್ಲ.
ಹನ್ನೊಂದು ಪುಟ, ಮೇಲೆ ಫೋಟೋ ತಿದ್ದಿದ್ದಕ್ಕೆ ನೂರು
ಎಣಿಸಿಕೊಂಡವಳು ನಾನು, ಯಾವ ಬಾಯಲ್ಲಿ ಕೇಳಲಿ?

ಈ ವರ್ಷ ನವೀಕರಣ. ಒಂದೇ ಪುಟ.
ಮೊದಲ ಪ್ರಶ್ನೆ: ಒಡ್ಡು ಇದೆಯೇ? ಹೌದು. ಇಲ್ಲ.
ಪೆನ್ನು ಹಿಡಿದುಕೊಂಡೇ ಫಕೀರವ್ವಗೆ ಫೋನು ಹಚ್ಚಿದೆ.
ಆ ಕಡೆ ನೀರು, ಏದುಸಿರು, ಕೆಸರು ಬಡಿವ ಸದ್ದು.
"ತಡೀರಿ ಅಕ್ಕಾರ, ಈಗೇ ಹೌದು ಅನಬ್ಯಾಡ್ರಿ.
ಒಂದು ತೂತು ಐತಿ, ಮುಚ್ಚಿ ಹೇಳ್ತೀನಿ."