ಮೆಂಬರ್ ನಂಬರ್ ನೂರಾ ಹದಿನಾಲ್ಕು

ತಿಂಗಳ ಎರಡನೇ ಭಾನುವಾರ ಸುಲ್ತಾನ್‌ಪೇಟೆಯಲ್ಲಿ
ಪಾರಸ್‌ಮಲ್ಲನ ಲಗ್ನಪತ್ರಿಕೆ ಅಂಗಡಿಯ ಷಟರು
ಅರ್ಧ ಮಾತ್ರ ಏಳುತ್ತದೆ.
ಬಗ್ಗಿ ಒಳಗೆ ಹೋಗಬೇಕು. ಬಗ್ಗುವಾಗ
ಐವತ್ತು ದಾಟಿದ ಮೈ ತಾನೇ ಹೇಳುತ್ತದೆ ತನ್ನ ಕಂಡಿಷನ್ನು:
ಸಾಧಾರಣ. ಬೆನ್ನು ಸಡಿಲ. ಪಿನ್ನು ತುಕ್ಕು.

ಚಿನ್ನದ ಬಣ್ಣದ ಉಬ್ಬು ಗಣಪತಿಗಳ ನಡುವೆ
ಹರಡುತ್ತೇವೆ ನಮ್ಮ ಹಳೆಯ ಕಾಮಿಕ್ಸು,
ಒಂದೊಂದಕ್ಕೂ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿ,
ಬೆನ್ನಿಗೆ ರಟ್ಟು ಕೊಟ್ಟು, ಹುಳಕ್ಕೆಂದು ಬೇವಿನೆಲೆ ಇಟ್ಟು.
ಯಾರೂ ಓದುವುದಿಲ್ಲ. ಮೂಸುತ್ತೇವೆ.
ಅಂತೋಣಿರಾಜ್ ಕಣ್ಣು ಮುಚ್ಚಿ ಮೂಸಿ ಹೇಳಬಲ್ಲ:
ಇದು ಶಿವಕಾಶಿಯ ಮಸಿ, ಇದು ಬೊಂಬಾಯಿಯದು,
ಇದನ್ನು ಯಾರೋ ಉಪ್ಪಿನಕಾಯಿ ಭರಣಿಯ ಪಕ್ಕ ಇಟ್ಟಿದ್ದರು.

ಮುನಿಯಲ್ಲಪ್ಪ, ಬಿ.ಟಿ.ಎಸ್. ಕಾಲದ ಕಂಡಕ್ಟರು,
ಬೆಲೆಯೆಲ್ಲ ಅವನ ಬಾಯಲ್ಲೇ:
ಮೂಲೆ ಮಡಚಿದ್ದರೆ ಐವತ್ತು ಕಮ್ಮಿ,
ರಾಜಕುಮಾರಿಗೆ ಮೀಸೆ ಬರೆದಿದ್ದರೆ ಅರ್ಧ,
ಲೈಬ್ರರಿ ಸೀಲಿದ್ದರೆ ಕೇಳಲೇಬೇಡಿ, ಮುಂದೆ ಹೋಗಿ.

ಕನಕಲತಾ ಕೊಳ್ಳುವುದೇ ಸೀಲಿದ್ದದ್ದನ್ನು.
ಅದೂ ಒಂದೇ ಸೀಲು. ನೇರಳೆ ಬಣ್ಣ, ಮೊಟ್ಟೆಯಾಕಾರ,
ಗೌರಿ ಲೈಬ್ರರಿ, ಶ್ರೀರಾಮಪುರ.
ಆಕೆಯ ಅಪ್ಪನದು. ಸೈಕಲ್ ಷಾಪಿನ ಪಕ್ಕ ನಾಲ್ಕಡಿ ಅಗಲ.
ಹಗ್ಗದ ಮೇಲೆ, ಒಗೆದ ಬಟ್ಟೆಯ ಹಾಗೆ,
ಕ್ಲಿಪ್ಪು ಹಾಕಿಸಿಕೊಂಡು ತೂಗುತ್ತಿದ್ದರು
ಕತ್ತಿಯವರು, ಮುಖವಾಡದವರು, ರೆಕ್ಕೆಯವರು.

ನಾನು ಅಂದು ತಂದದ್ದು ‘ಸೀಸದ ಮನುಷ್ಯ’, ಸಂಚಿಕೆ ಹದಿನೇಳು.
ಈಜು ಬಾರದ ನಾಯಕ, ಮುಳುಗುತ್ತಾನೆ,
ಮುಳುಗಿದ ಮೇಲೆ ಎದ್ದು, ಬಟ್ಟೆ ಕೊಡವಿ,
ಸಮುದ್ರದ ತಳದಲ್ಲಿ ನಡೆದೇ ಊರು ಸೇರುತ್ತಾನೆ.
ಎರಡು ಸಾವಿರ, ಎಂದೆ.
ಎಲ್ಲಿ ಸಿಕ್ತು, ಎಂದಳು.
ಅವೆನ್ಯೂ ರೋಡಲ್ಲಿ, ರದ್ದೀಲಿ, ಎಂದೆ.
ಕೇಳದಿದ್ದರೂ ಸೇರಿಸಿದೆ: ಮಳೆ ಬರ್ತಿತ್ತು ಅವತ್ತು.

ಆಕೆ ಹಿಂದಿನ ರಟ್ಟಿನ ಚೀಟಿ ನೋಡಿದಳು.
ಕೊನೆಯ ಸಾಲು, ೧೨-೩-೮೪, ಮೆಂಬರ್ ೧೧೪.
ವಾಪಸ್ಸಿನ ಕಾಲಮ್ಮು ಖಾಲಿ.
ಚೀಲದಿಂದ ಹೊರಬಂತು ಒಂದು ಉದ್ದನೆಯ ಲೆಡ್ಜರು,
ಅಪ್ಪನ ಕೈಬರಹ, ಒತ್ತಿ ಒತ್ತಿ ಬರೆದದ್ದು:
ನೂರಾ ಹದಿನಾಲ್ಕು. ಎಸ್. ಹರಿಶ್ಚಂದ್ರ. ಐದನೇ ಕ್ಲಾಸು.

ನನಗೆ ಈ ಹೆಸರಿಟ್ಟವರನ್ನು ಏನೆನ್ನಲಿ.

ಷಟರಿನ ಕೆಳಗೆ ಒಂದು ನಾಯಿ ಇಣುಕಿ ಹೋಯಿತು.
ದಿನಕ್ಕೆ ಹತ್ತು ಪೈಸೆ ಬಾಡಿಗೆ ಆಗ, ಎಂದಳು,
ಯಾರಿಗೂ ಹೇಳದವಳಂತೆ.
ಮುನಿಯಲ್ಲಪ್ಪನಿಗೆ ತಡೆಯಲಾಗಲಿಲ್ಲ:
ನಲವತ್ತೊಂದು ವರ್ಷ, ಸಾವಿರದ ನಾನೂರ ತೊಂಬತ್ತಾರೂವರೆ,
ಲೀಪ್ ಇಯರ್ ಹಿಡೀದೆ! ಟಿಕೆಟ್ ಹರಿದು ಕೊಟ್ಟ ಹಾಗೆ.
ಪಾರಸ್‌ಮಲ್ ನಕ್ಕ, ಅಂತೋಣಿ ನಕ್ಕ, ನಾನೂ ನಕ್ಕೆ.
ಎಲ್ಲರದೂ ಮುಗಿದ ಮೇಲೂ ನನ್ನ ನಗು
ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.

ಆಕೆ ಚೌಕಾಸಿ ಮಾಡಲಿಲ್ಲ.
ಐನೂರರ ನಾಲ್ಕು ನೋಟು ಎಣಿಸಿದಳು,
ಮೇಲೆ ಇಟ್ಟಳು ಐದು ರೂಪಾಯಿಯ ಒಂದು ನಾಣ್ಯ.
ಡೆಪಾಸಿಟ್ಟು, ಎಂದಳು. ಪುಸ್ತಕ ವಾಪಸ್ ಬಂತಲ್ಲ.
ಲೆಡ್ಜರಿನಲ್ಲಿ ನನ್ನ ಹೆಸರಿನ ಮೇಲೆ
ಸ್ಕೇಲಿಟ್ಟು, ನೇರವಾಗಿ, ಒಂದು ಗೆರೆ ಎಳೆದಳು.

ಚಿಕ್ಕಪೇಟೆ ಮೆಟ್ರೋದಲ್ಲಿ ಡಿಟೆಕ್ಟರು ಕೂಗಿತು.
ಜೇಬಲ್ಲಿ ಏನ್ ಸಾರ್?
ಐದು ರೂಪಾಯಿ.
ಹೋಗಿ, ಹೋಗಿ, ಎಂದ.

ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಇನ್ನೂ ಎರಡಿವೆ,
ಹದಿನೆಂಟು, ಹತ್ತೊಂಬತ್ತು, ಅದೇ ನೇರಳೆ ಮೊಟ್ಟೆ.
ಅವುಗಳ ಚೀಟಿಯಲ್ಲಿ ನನ್ನ ನಂಬರೇ ಇಲ್ಲ,
ಹಗ್ಗದಿಂದ ನೇರ ಅಂಗಿಯೊಳಕ್ಕೆ ಬಂದವು.
ಒಂದರ ಮೇಲಂಚಿನಲ್ಲಿ
ಕ್ಲಿಪ್ಪು ಕಚ್ಚಿದ ಗುರುತು ಹಾಗೇ ಇದೆ.