ನಾಕನೇ ಗೆರಿ

ಬೆಟಗೇರಿ ಮಗ್ಗದ ಓಣಿ, ಮಧ್ಯಾಹ್ನ ಎರಡೂವರಿ.
ಗುರುಪಾದಯ್ಯ ಸಾಲಿಮಠರು ಜೋಳಿಗಿ ಕೊಡವತಿದ್ರು.
ಬೂಟು ಬಿಚ್ಚಿ ಕಟ್ಟಿ ಮ್ಯಾಲ ಕುಂತು ಕೇಳಿದೆ:
ಚನಮಲ್ಲಪ್ಪನ ಹೆಣಾ ತೊಳದವರು ನೀವ.
ಹಣಿಗೆ ಮೂರು ಗೆರಿ ಇಬತ್ತಿ, ಅದು ರೂಢಿ.
ಕುತಗಿ ಸುತ್ತಲೂ ಅಷ್ಟು ದಪ್ಪ ಯಾಕ ಬಳದ್ರಿ?
ಆ ನಾಕನೇ ಗೆರಿ ಯಾವ ಶಾಸ್ತ್ರದಾಗೈತಿ?

ಅಯ್ಯನವರು ಹಿಟ್ಟು ಹತ್ತಿದ ಕೈ ನೋಡಿಕೊಂಡ್ರು.
"ಹನ್ನೆರಡು ವರ್ಷ ಆ ಮನಿ ಕೋರಾನ್ನ ಉಂಡೇನ್ರಿ ಸಾಹೇಬ್ರ.
ಹೊಳಿಯವ್ವ ಬಲಗೈಲೆ ಹಿಟ್ಟು ನೀಡತಿದ್ಲು.
ಬಲಗೈ ಏಳದ ದಿನಾ ಎಡಗೈಲೆ.
ಎರಡೂ ಏಳದ ದಿನಾ ಮಗಳು ನೀಡತಿದ್ಲು,
ಆಕಿ ಬಾಗಲದ ಹಿಂದ ನಿಂತಿರತಿದ್ಲು.
ಆ ಕೈಗೆ ನಿಮ್ಮ ಠಾಣೇದಾಗ ಎಷ್ಟನೇ ನಂಬರ್ ಕೊಟ್ಟಿದ್ರಿ?"

ಕೊಟ್ಟಿದ್ದಿಲ್ಲ. ಆದರೂ ಅಂದೆ,
ಸತ್ತಾಂವಗ ಮಾತಾಡಾಕ ಬಾಯಿಲ್ಲರಿ,
ಅವನ ಕಡಿಂದ ನಾ ಒಬ್ಬನ ಅದೇನಿ.
ಕರುಣಾ ನೀವು ಹಂಚರಿ, ಲೆಕ್ಕಾ ನಾ ಇಡತೇನಿ.

"ಹಂಗಾರ ಹನ್ನೆರಡು ವರ್ಷದ ಹಿಂದಿಂದ ಹಚ್ಚರಿ ಲೆಕ್ಕಾ."

ಗ್ವಾಡಿ ಆಚೆ ಮಗ್ಗ ನಿಂತಿತು.
ಎಳಿ ಹರಿದಿರಬೇಕು, ಇಲ್ಲಾ ಯಾರೋ ಕಿವಿಗೊಟ್ಟಿರಬೇಕು.
ಮತ್ತ ಶುರುವಾತು, ಕುಂಟಕೋತ, ಲಟಕ್... ಲಟಕ್.

ಕಿಸೆದಾಗ ಸಮಾಧಿ ಅಗಸೋ ಹುಕುಂ ಇತ್ತು, ರುಜು ಆಗಿತ್ತು.
ಬಿಲ್ಪತ್ರಿ, ಉಪ್ಪು, ಇಬತ್ತಿ ಹಾಕಿ ಕೂಡಿಸಿದ ಮನಷ್ಯಾ
ಎಂಟು ದಿನಕ್ಕ ಎಷ್ಟು ಉಳಿದಿರತಾನ, ಡಾಕ್ಟರ್ ಹೇಳಿದ್ದಿಲ್ಲ.

ನಾಳಿ ಹತ್ತಕ್ಕ ಗುದ್ದಲಿ ಬರತಾವ, ಅಂದು ಎದ್ದೆ.
ಅಯ್ಯನವರು ಬಟ್ಟಲಾ ತಗೊಂಡು ನನ್ನ ಹಣಿಗೆ ಬಟ್ಟು ತಂದ್ರು.
ಎಲ್ಲರಿಗೂ ಹಚ್ಚತಾರ. ತಲಿ ಬಾಗಿಸಿದೆ.
"ಬರಲಿ. ಆದರ ಬಳದಾಂವ ನಾ ಅಂತ ಮೊದಲ ಬರಕೋರಿ."

ಪೆನ್ನು ಕಿಸೆದಾಗ ಇತ್ತು.
ಬಾಳ ಹೊತ್ತು ಹುಡುಕಿದೆ.