ಎಂಟು ರೂಪಾಯಿ ಬಾಕಿ

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು.
ಗೂಡ್ಸು ಗಾಡಿ. ಐವತ್ತೆರಡು ಡಬ್ಬಿ, ಎಣಿಸಿದೆ.
ಗೇಟು ಬೀಳದಿದ್ದರೆ ನಾನು ಎಡಕ್ಕೆ ತಿರುಗಿ ನೋಡುತ್ತಿರಲಿಲ್ಲ:
ದಸ್ತಗೀರ್ ಸಾಬರ ವಾಚಂಗಡಿಯ ಬೋರ್ಡು
ನೆಲಕ್ಕಿಳಿದು ಗೋಡೆಗೆ ಒರಗಿತ್ತು.

ಒಳಗೆ ಮಗ ಇಲಿಯಾಜ್, ಮೂಗಿಗೆ ಕರ್ಚೀಫು ಕಟ್ಟಿ
ಮೂವತ್ತು ವರ್ಷದ ಧೂಳು ಕೊಡವುತ್ತಿದ್ದ.
"ನಾಳೆಯಿಂದ ಮೊಬೈಲ್ ಕವರ್ ಅಂಗಡಿ ಸರ್.
ಈ ಡಬ್ಬಿ ನೋಡ್ರಿ, ರಿಪೇರಿಗೆ ಕೊಟ್ಟು ಮರೆತೋರ ವಾಚು.
ಅಬ್ಬಾ ಒಂದೂ ಮಾರ್ಲಿಲ್ಲ, ಬರ್ತಾರೆ ಬರ್ತಾರೆ ಅಂತಿದ್ರು.
ಅಬ್ಬಾನೇ ಹೋದ್ರು. ನೀವು ತಗೊಳ್ರಿ, ಒಂದೂವರೆ ಸಾವಿರ."

ಇಪ್ಪತ್ತೆರಡು ವರ್ಷದಿಂದ ಕೂಡಿಸುತ್ತಿದ್ದೇನೆ.
ಹತ್ತಿ ಮಾರುಕಟ್ಟೆಯಲ್ಲಿ ತೂಕ ಬರೆಯುವವನ ಸಂಬಳಕ್ಕೆ
ಚಿನ್ನದ ಕೇಸು, ಸ್ವಿಸ್ ಹೆಸರು ನಿಲುಕುವುದಿಲ್ಲ.
ನನ್ನವೆಲ್ಲ ಎಚ್‌ಎಂಟಿ. ಜನತಾ, ಪೈಲಟ್, ಸೋನಾ, ಜವಾನ್.
ಮದುವೆಯಲ್ಲಿ ಮಾವ ಕಟ್ಟಿದವು,
ಎಸ್ಸೆಲ್ಸಿ ಪಾಸಾಗಿದ್ದಕ್ಕೆ ಸಿಕ್ಕವು,
ನಿವೃತ್ತಿಯ ದಿನ ಹಾರದ ಜೊತೆ
ಇನ್ನು ಹೊತ್ತು ನೋಡಬೇಕಿಲ್ಲದವನ ಕೈಗೆ ಬಂದವು.
ನೂರಾ ಹದಿನಾಲ್ಕು. ಸರ್ವಮಂಗಳೆಯ ಲೆಕ್ಕದಲ್ಲಿ
ಒಂದು ಫ್ರಿಜ್ಜು, ಒಂದು ಎರಡೆಳೆ ಸರ.

ರಾತ್ರಿ ಪೇಪರು ಹಾಸಿ ಡಬ್ಬಿ ಸುರಿದೆ.
ಮೂವತ್ತೊಂದು ವಾಚು, ಒಂದೊಂದರ ಕೊರಳಿಗೂ ದಾರ, ಚೀಟಿ.
ಬಹುಪಾಲು ತುಕ್ಕು. ಎರಡು ನಕಲಿ ಡಯಲು.
ಒಂದರ ಗಾಜು ಸಡಿಲ, ಕೆಟ್ಟದ್ದೆಂದು ಬದಿಗೆ ಸರಿಸಿದೆ.
ಸರಿಸುವಾಗ ಆರರ ಹತ್ತಿರ ಏನೋ ಟಕ್ಕೆಂದಿತು;
ಗಾಜು ಪುಟ್ಟ ಬಾಗಿಲಿನಂತೆ ತೆರೆದುಕೊಂಡಿತು.

ಅಂಕಿಯಿಲ್ಲ.
ಹನ್ನೆರಡರ ಜಾಗದಲ್ಲಿ ಮೂರು ಉಬ್ಬು ಚುಕ್ಕಿ,
ಮೂರು, ಆರು, ಒಂಬತ್ತಕ್ಕೆ ಎರಡೆರಡು, ಉಳಿದವಕ್ಕೆ ಒಂಟಿ.
ಮುಟ್ಟಿದರೆ ಬಾಗದ ದಪ್ಪ ಮುಳ್ಳು.
ಕಣ್ಣಿಲ್ಲದವರಿಗೆಂದು ಮಾಡಿದ್ದು. ಉಂಟೆಂದು ಕೇಳಿದ್ದೆ;
ಹುಬ್ಬಳ್ಳಿಯ ಪಾಟೀಲರು ಹನ್ನೊಂದು ವರ್ಷ ಹುಡುಕಿ ಕೈಬಿಟ್ಟಿದ್ದರು.
ಕೈ ನಡುಗಿತು ಎಂದು ಬರೆದರೆ ಸುಳ್ಳು.
ಮೊದಲು ಎದ್ದು ಹೋಗಿ ಬಾಗಿಲ ಚಿಲಕ ಹಾಕಿದೆ,
ಕದ್ದವನ ಹಾಗೆ.

ಆಮೇಲೆ ಚೀಟಿ. ಸಾಬರ ದುಂಡು ಅಕ್ಷರ:
ಟೆಲಿಫೋನ್ ಹಾಲಪ್ಪ, ಮಿಲ್ಲು. ಸ್ಪ್ರಿಂಗ್ ಹೊಸದು. ರೆಡಿ.
ಎಂಟು ರೂಪಾಯಿ ಬಾಕಿ.
ತಾರೀಖು, ಮಿಲ್ಲಿನ ಗೇಟಿಗೆ ಬೀಗ ಬಿದ್ದ ತಿಂಗಳಿನದು.

ಹಾಲಪ್ಪನನ್ನು ನಾನು ಕಂಡಿಲ್ಲ.
ಸ್ವಿಚ್‌ಬೋರ್ಡಿನ ಮುಂದೆ ಕೂತು ತಂತಿ ಚುಚ್ಚುತ್ತ
ಸಾಹುಕಾರರ ಸಿಟ್ಟನ್ನು ಬೊಂಬಾಯಿಗೆ,
ಬೊಂಬಾಯಿಯ ಧಾರಣೆಯನ್ನು ಸಾಹುಕಾರರಿಗೆ
ಜೋಡಿಸುತ್ತಿದ್ದಿರಬಹುದು.
ಗೊತ್ತಿರುವುದು ಇಷ್ಟೇ: ಐದರ ಚುಕ್ಕಿ ಸವೆದಿದೆ.
ಮಿಕ್ಕವು ನೆಟ್ಟಗಿವೆ, ಐದೊಂದೇ ನುಣ್ಣಗೆ.
ಐದಕ್ಕೆ ಯಾರು ಬರುತ್ತಿದ್ದರೋ.
ಬರುತ್ತಿದ್ದರೋ ಇಲ್ಲವೋ.

ಫೋಟೋ ಕಂಡ ಪಾಟೀಲರು ಬೆಳಿಗ್ಗೆಯೇ ಫೋನು: ನಲವತ್ತು ಸಾವಿರ.
ಸರ್ವಮಂಗಳೆ ಕೇಳಿಸಿಕೊಂಡಳು. ಒಗ್ಗರಣೆ ಸ್ವಲ್ಪ ಜೋರಾಗಿ ಸಿಡಿಯಿತು.

ಅವತ್ತು ಗೇಟು ತೆರೆದೇ ಇತ್ತು. ಆದರೂ ಸ್ಕೂಟರು ನಿಲ್ಲಿಸಿ
ಇಲಿಯಾಜನ ಅಂಗೈಗೆ ಎಂಟು ರೂಪಾಯಿ ಇಟ್ಟೆ,
ಒಂದು ಐದು, ಮೂರು ಬಿಡಿ.
"ಏನ್ ಸರ್ ಇದು?"
"ಹಾಲಪ್ಪನ ಬಾಕಿ."
ನಗುತ್ತಾನೆ ಅಂದುಕೊಂಡಿದ್ದೆ. ಎಣಿಸಿ,
ಅಬ್ಬಾನ ಗಲ್ಲಾಪೆಟ್ಟಿಗೆಗೆ ಹಾಕಿ ಮುಚ್ಚಿದ.
ಮಧ್ಯಾಹ್ನ ಅದನ್ನೂ ಗುಜರಿಯವನು ಒಯ್ಯುವವನಿದ್ದ.

ಈಗ ದೀಪ ಆರಿಸಿ ಕಲಿಯುತ್ತಿದ್ದೇನೆ.
ಕಷ್ಟ. ನನ್ನ ಬೆರಳು ಒರಟು, ತಾಗಿದರೆ ಮುಳ್ಳೇ ಜರುಗುತ್ತದೆ;
ಹೊತ್ತು ನೋಡಹೋಗಿ ಹೊತ್ತನ್ನೇ ತಳ್ಳಿಬಿಡುತ್ತೇನೆ.
ಹಾಲಪ್ಪ ಎಷ್ಟು ಹಗುರ ಮುಟ್ಟುತ್ತಿದ್ದನೋ,
ಆದರೂ ಐದು ಸವೆಯಿತು.

"ಎಷ್ಟಾಯ್ತು?" ಎಂದಳು ಕತ್ತಲಲ್ಲಿ ಸರ್ವಮಂಗಳೆ.
ಹತ್ತೂಮುಕ್ಕಾಲು ಇದ್ದಿರಬೇಕು, ಎಂದೆ,
ನಾನು ಮುಟ್ಟುವ ಮೊದಲು.